ಬಿಡಲಿಕ್ಕೆ ಬೇಕಾದ ಉಂಡಿ

ದಾನೇಶ್ವರಿಯನ್ನು ಫಿಸಿಯಾಲಜಿಯಲ್ಲಿ ಕೆಡವಿದ್ದು ಒಂದು ಹೆಣ. ಹೆಣವೇನೂ ಎದುರಿಗೆ ಮಲಗಿರಲಿಲ್ಲ, ಹೊಳಬಸಪ್ಪ ಸರ್ ಅವರ ಪ್ರಶ್ನೆಯೊಳಗಿತ್ತು. ಬಾಗಲಕೋಟೆಯ ಫಿಜಿಯೋಥೆರಪಿ ಕಾಲೇಜೊಂದರಲ್ಲಿ ಮೊದಲ ವರ್ಷದವರ ಮೌಖಿಕ ಪರೀಕ್ಷೆ ನಡೆದಿತ್ತು. ಸರ್ ಕನ್ನಡಕವನ್ನು ಹಣೆಗೇರಿಸಿಕೊಂಡು, ಮನುಷ್ಯ ಸತ್ತು ಕೆಲವು ತಾಸಿನೊಳಗೆ ಅವನ ಕೈಕಾಲು ಕಟ್ಟಿಗೆಯಾಗುತ್ತವಲ್ಲ, ಯಾಕೆ ಎಂದು ಕೇಳಿದರು. ಶಕ್ತಿ ಹೋಗಿರುತ್ತದೆ, ಅದಕ್ಕೆ ಎಂದು ದಾನೇಶ್ವರಿ ಹಿಂದೆಮುಂದೆ ನೋಡದೆ ಹೇಳಿಬಿಟ್ಟಳು.

"ಶಕ್ತಿ ಹೋದ್ರ ಮೆತ್ತಗಾಗಬೇಕಲ್ಲವಾ," ಎಂದರು ಸರ್. "ಬಿಗಿಯಾಕ ಶಕ್ತಿ ಎಲ್ಲಿಂದ ತಂತವಾ ಹೆಣಾ?"

ಅವಳು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ನೋಡಿದಳು. ಅದಕ್ಕೆ ಮಾಂಸಖಂಡವೇ ಇರಲಿಲ್ಲ, ಅದರಿಂದೇನು ಉಪಯೋಗ. ಇಪ್ಪತ್ತೈದಕ್ಕೆ ನಾಲ್ಕು ಬಂತು.

ವಾರದ ಮೇಲೆ ನೋಟಿಸು ಬೋರ್ಡಿನಲ್ಲಿ ಒಂದು ಕಾಗದ ಬಿತ್ತು. ಆಂತರಿಕ ಅಂಕ ಸಾಲದ್ದರಿಂದ ವಾರ್ಷಿಕ ಪರೀಕ್ಷೆಗೆ ಕೂಡಲು ಬರದವರ ಪಟ್ಟಿ. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಒಂದೇ ಹೆಸರಿಗೆ ಅಷ್ಟು ದೊಡ್ಡ ಕಾಗದ ಯಾಕೆ ಬೇಕಿತ್ತು ಎನ್ನುವುದು ದಾನೇಶ್ವರಿಗೆ ಕಡೆಯವರೆಗೂ ತಿಳಿಯಲಿಲ್ಲ. ಅವಳು ಅಳಲಿಲ್ಲ. ಅಳುವುದರಿಂದ ಹನ್ನೊಂದು ಅಂಕ ಬರುವುದಿಲ್ಲ. ಸೀದಾ ಸರ್ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತಳು, ಅವರು ಹೋಗು ಎಂದರೂ ಹೋಗಲಿಲ್ಲ. ಅರ್ಧ ತಾಸು ನಿಂತ ಮೇಲೆ ಅವರು ಒಂದು ದಾರಿ ಹೇಳಿದರು. ನಾಗರ ಪಂಚಮಿ ಹಬ್ಬ ಮುಗಿದು ಕಾಲೇಜು ತೆರೆದ ಸೋಮವಾರ, ಇಡೀ ಕ್ಲಾಸಿನ ಮುಂದೆ, ಬೋರ್ಡು, ಪರದೆ, ಪುಸ್ತಕ ಯಾವುದೂ ಇಲ್ಲದೆ, ಮಾಂಸಖಂಡ ಹೇಗೆ ಎಳೆಯುತ್ತದೆ ಎಂಬುದನ್ನು ಕಣ್ಣಿಗೆ ಕಾಣುವ ಹಾಗೆ ಅವಳು ತೋರಿಸಬೇಕು. ಹದಿನೈದು ಬಂದರೆ ಪರೀಕ್ಷೆಗೆ ಕೂಡಬಹುದು. ಹದಿನಾಲ್ಕು ಬಂದರೆ ಬರುವ ವರ್ಷದ ಹುಡುಗಿಯರ ಜೊತೆ ಮತ್ತೆ ಅದೇ ಬೆಂಚು.

ಹೀಗಾಗಿ ಆ ಸಲ ಪಂಚಮಿಗೆ ಇಳಕಲ್ಲಿಗೆ ಹೋದವಳು ಜೋಕಾಲಿಯ ಕಡೆ ಹಾಯಲಿಲ್ಲ. ಅವ್ವ ಸಂಗವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಓಡಿಸುತ್ತಿದ್ದರೆ, ಇವಳು ಮಗ್ಗಲಲ್ಲಿ ಪುಸ್ತಕ ಹರವಿಕೊಂಡು ಕೂತಳು. ಚಿತ್ರದಲ್ಲಿ ಎರಡು ಥರದ ಎಳೆಗಳಿದ್ದವು. ತೆಳ್ಳಗಿನದು ಆಕ್ಟಿನ್, ದಪ್ಪನೆಯದು ಮಯೋಸಿನ್. ದಪ್ಪನೆಯ ಎಳೆಗೆ ಮೈತುಂಬ ಪುಟ್ಟ ತಲೆಗಳು. ಆ ತಲೆಗಳು ತೆಳ್ಳಗಿನ ಎಳೆಯನ್ನು ಹಿಡಿದು ಜಗ್ಗುತ್ತವೆ, ಎಳೆಗಳು ಒಂದರ ಸಂದಿಯಲ್ಲಿ ಒಂದು ಸರಿದು ಹೋಗುತ್ತವೆ, ಮಾಂಸಖಂಡ ಗಿಡ್ಡವಾಗುತ್ತದೆ. ಎಳೆ ಮಾತ್ರ ಗಿಡ್ಡವಾಗುವುದಿಲ್ಲ. ಇಲ್ಲಿಗೆ ಬಂದಾಗಲೆಲ್ಲ ದಾನೇಶ್ವರಿಯ ತಲೆ ಗಿರ್ ಎನ್ನುತ್ತಿತ್ತು. ಎಳೆ ಗಿಡ್ಡವಾಗದೆ ಖಂಡ ಗಿಡ್ಡವಾಗುವುದು ಹೇಗೆ ಎಂದು ಗಟ್ಟಿಯಾಗಿಯೇ ಗೊಣಗಿದಳು.

ಸಂಗವ್ವ ಲಾಳಿ ನಿಲ್ಲಿಸದೆ ಕೇಳಿದಳು. "ಮಂದಿ ಒತ್ತೊತ್ತಿ ಕುಂತ್ರ ಚಾಪಿ ಮ್ಯಾಲೆ ಜಾಗಾ ಆಗ್ತೈತೋ ಇಲ್ಲೋ? ಮಂದಿ ಗಿಡ್ಡ ಆಗ್ತಾರೇನು?"

ದಾನೇಶ್ವರಿ ಪುಸ್ತಕ ಮುಚ್ಚಿದಳು. ಆ ಕ್ಷಣದಲ್ಲಿ ಅವಳ ತಲೆಯಲ್ಲಿ ಮಂದಿ ಬಂದು ಕೂತುಬಿಟ್ಟರು. ಚಿತ್ರ ಯಾಕೆ ಬೇಕು, ಹಾಸ್ಟೆಲಿನಲ್ಲಿ ಹುಡುಗಿಯರಿಗೇನು ಬರವೇ. ಸೆರಗಿನ ಜೋಡಣೆ ತಪ್ಪಿ ವ್ಯಾಪಾರಿ ಹಿಂದಕ್ಕೆ ಕಳಿಸಿದ್ದ ಎರಡು ಸೀರೆಗಳನ್ನು ಅವ್ವನಿಂದ ಕೇಳಿ ಇಸಿದುಕೊಂಡಳು. ಜೊತೆಗೆ ಉಂಡಿಯ ದೊಡ್ಡ ಡಬ್ಬಿಯೂ ಬಂತು. ಶೇಂಗಾ, ಎಳ್ಳು, ಪುಟಾಣಿ, ಎಲ್ಲ ಬೆಲ್ಲದವು.

ಬಸ್ಸು ಹುನಗುಂದದಲ್ಲಿ ನಿಂತಾಗ ಅಬೇದಾ ಹತ್ತಿದಳು. ಅಬೇದಾ ಅವಳ ಕೋಣೆಯ ಜೊತೆಗಾತಿ, ಕಡೆಯ ವರ್ಷದವಳು, ಕಾಲೇಜಿನ ಹಗ್ಗಜಗ್ಗಾಟದ ತಂಡದ ನಾಯಕಿ. ತೋಳು ನೋಡಿದರೆ ಓದುವ ಹುಡುಗಿ ಎನ್ನುವ ಹಾಗಿಲ್ಲ. ಅವಳ ಕೈಯಲ್ಲೂ ಒಂದು ಡಬ್ಬಿ. ಅವರ ಮನೆಯಲ್ಲಿ ಪಂಚಮಿ ಇಲ್ಲ, ಆದರೆ ಓಣಿಯ ನಾಲ್ಕು ಮನೆಯವರು ಉಂಡಿ ಕಳಿಸಿದ್ದರು, ಹೀಗಾಗಿ ಹಬ್ಬ ಮಾಡಿದವರಿಗಿಂತ ಅವಳ ಡಬ್ಬಿಯೇ ಭಾರ. ದಾನೇಶ್ವರಿ ಸೀರೆ ತೆಗೆದು ಅದರ ತುದಿಯನ್ನು ಬಸ್ಸಿನ ಕಂಬಕ್ಕೆ ಕಟ್ಟಿ, ಇದು ಆಕ್ಟಿನ್, ನಿನ್ನ ಕೈ ಮಯೋಸಿನ್ ತಲೆ, ಜಗ್ಗು ಎಂದಳು. ಅಬೇದಾ ಏನು ಯಾಕೆ ಎಂದು ಕೇಳುವವಳಲ್ಲ. ಜಗ್ಗಿದಳು. ಕಂಬ ಕಿರ್ ಎಂದಿತು. ಸೀರೆ ಒಣಗಹಾಕುವುದಿದ್ದರೆ ಮನೆಯಲ್ಲಿ ಒಣಗಹಾಕಿರಿ ಎಂದು ಕಂಡಕ್ಟರು ಬೈದ. ಬಾಗಲಕೋಟೆ ಬರುವಷ್ಟರಲ್ಲಿ ಇಡೀ ಮಾಂಸಖಂಡ ಸಿದ್ಧವಾಗಿತ್ತು, ಇನ್ನು ಮಂದಿಯನ್ನು ಕೂಡಿಸುವುದಷ್ಟೇ ಬಾಕಿ.

ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಅಂಗಳದಲ್ಲಿ ಹಗ್ಗಜಗ್ಗಾಟದ ಹತ್ತೂ ಹುಡುಗಿಯರು ನಡುವೆ ಸಾಲಾಗಿ ನಿಂತರು. ಐದು ಮಂದಿ ಆ ಕಡೆ ಮುಖ, ಐದು ಮಂದಿ ಈ ಕಡೆ ಮುಖ. ಅದು ದಪ್ಪ ಎಳೆ. ಎರಡೂ ತುದಿಗೆ ದೂರದಲ್ಲಿ ಒಂದೊಂದು ಗಾಲಿಕುರ್ಚಿ, ಕಾಲೇಜಿನ ದವಾಖಾನೆಯಿಂದ ತಂದದ್ದು. ಒಂದು ಕುರ್ಚಿಯಲ್ಲಿ ಲ್ಯಾಬಿನ ಅಟೆಂಡರ್ ನಜೀರಸಾಬ ಕಾಕಾ, ಇನ್ನೊಂದರಲ್ಲಿ ಅವನಷ್ಟೇ ತೂಕದ, ಅವನಷ್ಟೇ ಮಾತಾಡುವ ಜೋಳದ ಚೀಲ. ಒಂದೊಂದು ಕುರ್ಚಿಗೆ ಒಂದೊಂದು ಸೀರೆಯ ತುದಿ ಕಟ್ಟಿ, ಉಳಿದ ಉದ್ದವನ್ನು ಮಡಚಿ ಹುಡುಗಿಯರ ಮಗ್ಗಲಿಗೆ ಹಾಸಿದ್ದಾಯಿತು. ಹುಡುಗಿಯರು ಸೀರೆ ಜಗ್ಗಿದರೆ ಎರಡೂ ಕುರ್ಚಿಗಳು ನಡುವಿಗೆ ಉರುಳಿ ಬರಬೇಕು. ಅಲ್ಲಿಗೆ ಖಂಡ ಗಿಡ್ಡವಾದ ಹಾಗೆ.

ಮೊದಲ ಸಲ ಹುಡುಗಿಯರು ಜಗ್ಗಿದರು, ಕುರ್ಚಿ ಒಂದು ಮೊಳ ಬಂತು, ನಿಂತಿತು. ಯಾರೂ ಕೈ ಬಿಡಲೊಲ್ಲರು. ಹಿಡಿಯಬೇಕು, ಜಗ್ಗಬೇಕು, ಬಿಡಬೇಕು, ಕೈ ಮುಂದೆ ಚಾಚಿ ಮತ್ತೆ ಹಿಡಿಯಬೇಕು ಎಂದು ದಾನೇಶ್ವರಿ ಹೇಳಿದಳು. ಬಿಡುವ ಮಾತು ಅಬೇದಾಗೆ ಸೇರಲಿಲ್ಲ. ಮೂರು ವರ್ಷದಿಂದ ಕಪ್ ಬಂದದ್ದು ಬಿಟ್ಟಿದ್ದಕ್ಕಲ್ಲ, ಬೇಕಾದರೆ ಎದುರಾಳಿ ಇಳಕಲ್ಲಿನ ತಂಡದವರು ಬಿಡಲಿ ಎಂದಳು. ಕಡೆಗೂ ಒಪ್ಪಿಕೊಂಡಳು. ಎರಡನೆಯ ಸಲ ಹತ್ತೂ ಮಂದಿ ಒಮ್ಮೆಲೇ ಬಿಟ್ಟರು. ಅಂಗಳ ಸ್ವಲ್ಪ ಇಳಿಜಾರು. ಜೋಳದ ಚೀಲ ಗಾಲಿಯ ಮೇಲೆ ಕೂತು ಹಿಂದಕ್ಕೆ ಓಡಿ ನೀರಿನ ತೊಟ್ಟಿಗೆ ಗುದ್ದಿತು. ನಜೀರಸಾಬ ಗೇಟಿನವರೆಗೆ ಹೋಗಿ, ಅಲ್ಲಿಂದಲೇ, ಇದಕ್ಕೆ ರಜೆ ಮಂಜೂರು ಮಾಡಿಸಿಕೊಡುತ್ತೀರಾ ಎಂದು ಕೇಳಿದ.

ಆಗ ಪುಸ್ತಕದಲ್ಲಿ ಹತ್ತು ಸಲ ಓದಿದ್ದ ಸಾಲು ದಾನೇಶ್ವರಿಗೆ ಮೊದಲ ಸಲ ತಿಳಿಯಿತು. ಖಂಡದೊಳಗಿನ ಲಕ್ಷಾಂತರ ತಲೆಗಳು ಒಟ್ಟಿಗೆ ಬಿಡುವುದಿಲ್ಲ. ಅರ್ಧ ಬಿಟ್ಟಾಗ ಅರ್ಧ ಹಿಡಿದಿರುತ್ತವೆ. ಇಲ್ಲದಿದ್ದರೆ ಎತ್ತಿದ ಕೊಡ ಕಾಲ ಮೇಲೇ ಬೀಳುತ್ತಿತ್ತು. ಹಾಗಾದರೆ ಯಾರು ಯಾವಾಗ ಬಿಡಬೇಕು? ಪುಸ್ತಕದ ಪ್ರಕಾರ, ಎಟಿಪಿ ಎಂಬ ಅಣು ಬಂದು ಕೂತಾಗಲೇ ತಲೆ ಎಳೆಯನ್ನು ಬಿಡುತ್ತದೆ. ಎಟಿಪಿ ಎಂದರೆ ದೇಹದ ಬುತ್ತಿ. ಬುತ್ತಿಗೆ ಹಾಸ್ಟೆಲಿನಲ್ಲಿ ಆ ವಾರ ಬೇರೆ ಹೆಸರೇ ಇರಲಿಲ್ಲ. ಕಪಾಟು, ಮಂಚದ ಬುಡ, ಕಿಟಕಿ, ಎಲ್ಲಿ ನೋಡಿದರೂ ಉಂಡಿ. ಹುಡುಗಿಯರಲ್ಲೆಲ್ಲ ಸಣಕಲಿ ಲಲಿತಾ ಡಬ್ಬಿ ಹಿಡಿದು ಓಡಾಡುತ್ತ ಒಬ್ಬೊಬ್ಬರ ಬಾಯಿಗೆ ಉಂಡಿ ಹಾಕಬೇಕು, ಬಾಯಿಗೆ ಉಂಡಿ ಬಿದ್ದವಳು ಕೈ ಬಿಟ್ಟು ಮುಂದೆ ಚಾಚಬೇಕು ಎಂದು ನೇಮವಾಯಿತು.

ಇನ್ನು ಉಳಿದದ್ದು ಕ್ಯಾಲ್ಸಿಯಂ. ಖಂಡ ಸುಮ್ಮನಿದ್ದಾಗ ತೆಳ್ಳಗಿನ ಎಳೆಯ ಮೇಲೆ ಹಿಡಿಯುವ ಜಾಗಗಳನ್ನು ಒಂದು ದಾರ ಮುಚ್ಚಿಕೊಂಡಿರುತ್ತದೆ. ನರದಿಂದ ಸುದ್ದಿ ಬಂದೊಡನೆ ಉಗ್ರಾಣದಲ್ಲಿ ಕೂಡಿಹಾಕಿದ್ದ ಕ್ಯಾಲ್ಸಿಯಂ ನುಗ್ಗಿ ಬಂದು ಎಳೆಯ ಮೇಲಿನ ಟ್ರೋಪೊನಿನ್ ಎಂಬ ಗಂಟನ್ನು ಮುಟ್ಟುತ್ತದೆ. ದಾರ ಸರಿಯುತ್ತದೆ. ಆಮೇಲೇ ತಲೆಗಳಿಗೆ ಕೆಲಸ. ಸೀರೆಯ ದಡಿಯ ಮೇಲೆ ನೇಯ್ದ ಚುಕ್ಕಿಯಂಥ ಚಿಕ್ಕಿಗಳೇ ಹಿಡಿಯುವ ಜಾಗ, ಅದರ ಮೇಲೆ ಹಾಸಿದ ವೇಲ್ ಆ ದಾರ, ವೇಲಿಗೆ ಹಾಕಿದ ಗಂಟೇ ಟ್ರೋಪೊನಿನ್. ಕ್ಯಾಲ್ಸಿಯಂ ಯಾರು ಎನ್ನುವುದರಲ್ಲಿ ಚರ್ಚೆಯೇ ಆಗಲಿಲ್ಲ. ಯಾರ ಕೂಗಿಗೆ ಇಡೀ ಹಾಸ್ಟೆಲು ಏಳುತ್ತದೋ, ಯಾರು ಅಡುಗೆಮನೆಯಿಂದ ಹೊರಗೆ ಬಂದರೆ ಮಲಗಿದವರೂ ಕೂತಂತೆ ನಟಿಸುತ್ತಾರೋ, ಅವಳೇ. ಬನಶಂಕರಿ ಕಡೆಯ ಹುಚ್ಚವ್ವ, ಹಾಸ್ಟೆಲಿನ ಅಡುಗೆಯವಳು.

ಕ್ಯಾಲ್ಸಿಯಂ ಎಂದರೆ ಹಾಲಿನಲ್ಲಿರುವುದು ತಾನೇ ಎಂದು ಹುಚ್ಚವ್ವ ಮೊದಲು ವಿಚಾರಿಸಿಕೊಂಡಳು. ಹೌದು ಎಂದರು.

"ಹಾಲಿನ್ಯಾಗಿಂದು ಅಂತ ಬಿಳೀ ಸೀರಿ ಉಡು ಅನಬ್ಯಾಡ್ರಿ ಮತ್ತ," ಎಂದಳು. "ನನ್ನ ಗಂಡ ಇನ್ನೂ ಗಟ್ಟ್ಯಾಗಿ ಅದಾನ."

ಹಸಿರು ಸೀರೆಯಲ್ಲೇ ಕ್ಯಾಲ್ಸಿಯಂ ಸಿದ್ಧವಾಯಿತು. ಮೂಲೆಯಲ್ಲಿ ಚಾದರ ಕಟ್ಟಿ ಅವಳಿಗೊಂದು ಉಗ್ರಾಣ ಮಾಡಿದರು. ಕೆಲಸ ಮುಗಿದ ಮೇಲೆ ಅವಳನ್ನು ಮತ್ತೆ ಅದರೊಳಗೆ ದಬ್ಬಲು ಇಬ್ಬರು ಹುಡುಗಿಯರು ಪಂಪು. ಕ್ಯಾಲ್ಸಿಯಂ ತಾನಾಗಿ ಒಳಗೆ ಹೋಗುವುದಿಲ್ಲ, ದಬ್ಬಲಿಕ್ಕೂ ಎಟಿಪಿ ಬೇಕು ಎಂದು ಪುಸ್ತಕ ಹೇಳಿತ್ತು. ಹುಚ್ಚವ್ವನ ವಿಷಯದಲ್ಲಂತೂ ಅದಕ್ಕೆ ಪುಸ್ತಕದ ಸಾಕ್ಷಿ ಬೇಕಿರಲಿಲ್ಲ. ಪಂಪುಗಳಿಗೂ ಒಂದೊಂದು ಉಂಡಿ ಗೊತ್ತುಮಾಡಿದ್ದಾಯಿತು.

ಆದರೂ ತಾಲೀಮಿನಲ್ಲಿ ಒಬ್ಬಳು ನಗುತ್ತ ಕೈ ಬಿಡುತ್ತಿದ್ದಳು, ಇನ್ನೊಬ್ಬಳು ಬೆವರು ಒರೆಸಲು ಬಿಡುತ್ತಿದ್ದಳು. ನೇಮಕ್ಕೆ ಬೆಲೆಯೇ ಇರಲಿಲ್ಲ. ದಾನೇಶ್ವರಿ ಹೇಳಿ ಹೇಳಿ ಸೋತಳು. ಆಗ ಹುಚ್ಚವ್ವ ಮುಂದೆ ಬಂದು ಎಲ್ಲರಿಂದ ಆಣೆ ಮಾಡಿಸಿದಳು. ಉಂಡಿ ಬಾಯಿಗೆ ಬೀಳದ ಹೊರತು ಕೈ ಬಿಟ್ಟವಳಿಗೆ ಬನಶಂಕರಿ ತಾಯಿಯ ಆಣೆ. ಅಬೇದಾ ರೊಟ್ಟಿ ಮುಟ್ಟಿ ಆಣೆ ಮಾಡಿದಳು. ಅದಾದ ಮೇಲೆ ಖಂಡ ಗಡಿಯಾರದ ಹಾಗೆ ನಡೆಯಿತು. ಹಿಡಿ, ಜಗ್ಗು, ಉಂಡಿ, ಬಿಡು, ಚಾಚು. ಎರಡು ಗಾಲಿಕುರ್ಚಿಗಳು ಮದುವೆಯ ಗಂಡುಹೆಣ್ಣಿನ ಹಾಗೆ ಒಂದರ ಕಡೆ ಒಂದು ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬಂದವು. ಹುಡುಗಿಯರು ನಕ್ಕು ನಕ್ಕು ಶೇಂಗಾ ನೆತ್ತಿಗೆ ಏರಿಸಿಕೊಂಡರು. ನಾಳೆಗೆಂದು ದಾನೇಶ್ವರಿ ಎಪ್ಪತ್ತು ಉಂಡಿ ತೆಗೆದು ಎರಡು ಡಬ್ಬಿಗಳಲ್ಲಿ ಮುಚ್ಚಿಟ್ಟಳು.

ಸೋಮವಾರ ಹನ್ನೊಂದು ಗಂಟೆಗೆ ಕಾಲೇಜಿನ ದೊಡ್ಡ ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಕ್ಲಾಸಿನ ನಲವತ್ತು ಮಂದಿ, ಬೇರೆ ವಿಭಾಗದ ನಾಲ್ಕೈದು ಮೇಷ್ಟ್ರು, ಸುದ್ದಿ ಕೇಳಿ ಬಂದ ಕಚೇರಿಯವರು, ಎಲ್ಲರ ಮುಂದೆ ಒಂಟಿ ಕುರ್ಚಿಯಲ್ಲಿ ಅಂಕದ ಹಾಳೆ ಹಿಡಿದ ಹೊಳಬಸಪ್ಪ ಸರ್. ಗಾಲಿಕುರ್ಚಿಯೊಂದರ ಗಾಲಿ ಬಿಗಿಯಾಗಿದೆ ಎಂದು ನಜೀರಸಾಬ ಹೇಳಿದ್ದರಿಂದ ದಾನೇಶ್ವರಿ ಎಣ್ಣೆ ತರಲು ದವಾಖಾನೆಗೆ ಓಡಿದಳು. ಹತ್ತು ನಿಮಿಷ. ವಾಪಸು ಬಂದಾಗ ಹಾಲಿನಲ್ಲಿ ಕೂತವರೆಲ್ಲರ ಬಾಯಿ ಆಡುತ್ತಿತ್ತು. ಅವಳಿಗೆ ಅದು ವಿಶೇಷ ಅನಿಸಲಿಲ್ಲ. ಪಂಚಮಿ ಮುಗಿದ ವಾರ ಇಡೀ ಜಿಲ್ಲೆಯ ಬಾಯಿ ಆಡುತ್ತಿರುತ್ತದೆ.

ಗಾಲಿಗೆ ಎಣ್ಣೆ ಬಿಟ್ಟಳು. ಯಾವುದು ಯಾವ ಎಳೆ, ಯಾರು ಯಾವ ಅಣು ಎಂದು ತೋರಿಸಿದಳು. ಮಾತು ಎಲ್ಲಿಯೂ ತಡೆಯಲಿಲ್ಲ. ಬಾಗಿಲ ಹತ್ತಿರ ನಿಂತ ಹುಡುಗಿ ಪೀಪಿ ಊದಿದಳು. ಅದು ನರದ ಸುದ್ದಿ. ಚಾದರ ಹಾರಿತು, ಹಸಿರು ಸೀರೆಯ ಕ್ಯಾಲ್ಸಿಯಂ ಎರಡೂ ತೋಳು ಬೀಸುತ್ತ ಹಾಲಿನ ನಡುವೆ ಬಂದಿತು.

"ಏಳ್ರೇ, ಹೊತ್ತೇರೇತಿ," ಎಂದು ಕೂಗಿ ಹುಚ್ಚವ್ವ ಒಂದೊಂದೇ ಗಂಟು ಮುಟ್ಟುತ್ತ ಹೋದಳು. ಈ ಮಾತು ತಾಲೀಮಿನಲ್ಲಿ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಇಬ್ಬರು ಅಭ್ಯಾಸಬಲದಿಂದ ಎದ್ದು ನಿಂತರು.

ವೇಲ್ ಸರಿಯಿತು, ಚಿಕ್ಕಿ ಕಂಡವು, ಹುಡುಗಿಯರು ಹಿಡಿದರು. ಒಂದು ಜಗ್ಗು. ಲಲಿತಾ ಡಬ್ಬಿಯೊಂದಿಗೆ ಓಡಿದಳು. ಐದು ಬಾಯಿಗೆ ಉಂಡಿ, ಐದು ಕೈ ಬಿಟ್ಟವು, ಐದು ಹಿಡಿದೇ ಇದ್ದವು. ಎರಡನೆಯ ಜಗ್ಗು. ನಜೀರಸಾಬ ರಾಜನ ಹಾಗೆ ಬರುತ್ತಿದ್ದ, ಜೋಳದ ಚೀಲ ರಾಣಿಯ ಹಾಗೆ. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದಾನೇಶ್ವರಿ ಸರ್ ಕಡೆ ಕಳ್ಳನೋಟ ಹಾಕಿದಳು. ಕನ್ನಡಕ ಹಣೆಯ ಮೇಲಿರಲಿಲ್ಲ, ಕಣ್ಣಿಗೆ ಇಳಿದಿತ್ತು. ಹದಿನೈದು ಬಂದೇ ಬಂತು ಎಂದುಕೊಂಡಳು.

ಮೂರನೆಯ ಜಗ್ಗಿಗೆ ಹತ್ತೂ ಮಂದಿ ಹಿಡಿದು ವಾಲಿದರು. ಲಲಿತಾ ಡಬ್ಬಿಗೆ ಕೈ ಹಾಕಿದಳು. ಕೈ ತಳ ಮುಟ್ಟಿ ಟಣ್ ಎಂದಿತು. ಎರಡನೆಯ ಡಬ್ಬಿ ತೆರೆದಳು. ಅದರಲ್ಲಿ ಒಂದಿಷ್ಟು ಎಳ್ಳು ಇತ್ತು, ಒಂದು ಇರುವೆಯೂ ಇತ್ತು. ಲಲಿತಾ ಡಬ್ಬಿಯನ್ನು ಬೋರಲು ಹಾಕಿ ದಾನೇಶ್ವರಿಗೆ ತೋರಿಸಿದಳು.

ಡಬ್ಬಿಗಳ ಹತ್ತಿರ ಕಡೆಗೆ ನಿಂತಿದ್ದ ಹುಚ್ಚವ್ವನನ್ನು ಕೇಳಿದಾಗ ಅವಳು ಒಂದಿಷ್ಟೂ ಅಳುಕಲಿಲ್ಲ. ಪಂಚಮಿ ಮುಗಿದು ಇನ್ನೂ ವಾರ ಆಗಿಲ್ಲ, ಹಾಲಿಗೆ ಹಿರಿಯರು ಬಂದು ಕೂತಿದ್ದಾರೆ, ಅವರಿಗೆ ಒಂದೊಂದು ಕೊಡದೆ ಈ ಹುಡುಗಿಯರು ಅವರ ಮುಂದೆಯೇ ಚಪ್ಪರಿಸುವುದೇ? ತಾನು ಇರುವಾಗ ಅಂಥದ್ದು ಆಗಲಿಕ್ಕಿಲ್ಲ. ಒಬ್ಬೊಬ್ಬರ ಎದುರು ನಿಂತು ಕೊಟ್ಟಿದ್ದಳು, ಕೈ ಬಾಯಿಯ ಕಡೆ ಹೋದದ್ದನ್ನು ನೋಡಿಯೇ ಮುಂದೆ ಹೋಗಿದ್ದಳು. ಆಟಕ್ಕೆಂದು ಎರಡು ಸುತ್ತಿನಷ್ಟು ಉಳಿಸಿದ್ದೇ ತನ್ನ ದೊಡ್ಡ ಮನಸ್ಸು ಎನ್ನುವ ಧಾಟಿಯಲ್ಲಿ ಹೇಳಿದಳು. ಇಷ್ಟನ್ನೂ ಹಾಲಿನ ನಡುವೆ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ.

ಹತ್ತು ಹುಡುಗಿಯರು ಸೀರೆ ಹಿಡಿದು ವಾಲಿಯೇ ಇದ್ದರು. ಇತ್ತ ಬರಲೊಲ್ಲರು, ಅತ್ತ ಹೋಗಲೊಲ್ಲರು. ಅಬೇದಾಳ ಕುತ್ತಿಗೆಯ ನರ ಉಬ್ಬಿತ್ತು. ನಜೀರಸಾಬನ ಕಾಲು ಮೊದಲ ಹುಡುಗಿಯ ಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿದ್ದವು. ಅವನು ಮುದುರಿಕೊಂಡು ಎಲ್ಲಿ ನೋಡಬೇಕೋ ತಿಳಿಯದೆ ಮಾಳಿಗೆಯ ಫ್ಯಾನು ನೋಡುತ್ತಿದ್ದ. ಕ್ಯಾಲ್ಸಿಯಂ ಅನ್ನು ಒಳಗೆ ದಬ್ಬಬೇಕಾದ ಪಂಪುಗಳು, ನಮಗೂ ಉಂಡಿ ಬಂದಿಲ್ಲ ಎಂದು ಕೈಕಟ್ಟಿ ನಿಂತವು. ಹಾಲಿನಲ್ಲಿ ಒಬ್ಬರು ನಕ್ಕರು, ಆಮೇಲೆ ನಾಲ್ಕು ಮಂದಿ, ಆಮೇಲೆ ಎಲ್ಲ.

ದಾನೇಶ್ವರಿ ಅಬೇದಾಳ ಕಿವಿಯ ಹತ್ತಿರ ಹೋಗಿ, ಸಾಕು, ಬಿಟ್ಟುಬಿಡಿ ಎಂದು ಪಿಸುಗುಟ್ಟಿದಳು.

"ಹ್ಯಾಂಗ ಬಿಡ್ಲಿ?" ಅಬೇದಾ ಹಲ್ಲು ಕಚ್ಚಿಕೊಂಡೇ ಹೇಳಿದಳು. "ರೊಟ್ಟಿ ಮುಟ್ಟೇನಿ. ಬಿಡಾಕ ಉಂಡಿ ಬೇಕು, ದಾನಿ. ಹಿಡಿಯಾಕ ಅಲ್ಲ, ಬಿಡಾಕ."

ಹೊಳಬಸಪ್ಪ ಸರ್ ಪೆನ್ನಿನ ಟೊಪ್ಪಿಗೆ ತೆಗೆದರು. ಅವರು ನಗುತ್ತಿರಲಿಲ್ಲ. ಏನಿದು, ನಿಂತೇ ಹೋಯಿತಲ್ಲ ನಿನ್ನ ಖಂಡ ಎಂದು ಕೇಳಿದರು.

ಹದಿನಾಲ್ಕೋ ಹದಿನೈದೋ ಎನ್ನುವುದು ಈ ಒಂದು ಮಾತಿನ ಮೇಲಿತ್ತು. ಕ್ಷಮಿಸಿರಿ ಸರ್, ಉಂಡಿ ತೀರಿದವು ಎನ್ನಲು ದಾನೇಶ್ವರಿ ಬಾಯಿ ತೆರೆದಳು. ಆದರೆ ಅಬೇದಾಳ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಅವಳು ತಿರುಗಿ ನೋಡಿದಳು. ಹತ್ತು ಮುಷ್ಟಿ ಬಿಗಿದಿದ್ದವು. ಬುತ್ತಿ ತೀರಿತ್ತು. ಒಳಗೆ ಹೋಗಬೇಕಾದ ಕ್ಯಾಲ್ಸಿಯಂ ಹೊರಗೇ ನಿಂತು ಭಾಷಣ ಮಾಡುತ್ತಿತ್ತು. ಕಟ್ಟಿಗೆಯ ಹಾಗೆ ಬಿಗಿದ ಈ ಸಾಲನ್ನು ಅವಳು ಎಲ್ಲಿಯೋ ಕಂಡಿದ್ದಳು. ಅಲ್ಲ, ಕಂಡಿರಲಿಲ್ಲ, ಕೇಳಿದ್ದಳು. ಇದೇ ಮನುಷ್ಯನ ಬಾಯಿಂದ, ನಾಲ್ಕು ಅಂಕಕ್ಕೆ. ನಗು ಅವಳ ಹೊಟ್ಟೆಯಿಂದ ಎದ್ದು ಬಂತು. ಅದನ್ನು ತಡೆಯುವ ಗೋಜಿಗೆ ಅವಳು ಹೋಗಲಿಲ್ಲ.

"ಸರ್, ಇದು ಸತ್ತೈತ್ರಿ," ಎಂದಳು.

ನಜೀರಸಾಬ ಫ್ಯಾನು ಬಿಟ್ಟು ಅವಳನ್ನು ನೋಡಿದ.

"ಹೋದ ಸಲ ನೀವು ಕೇಳಿದ ಹೆಣಾ ಇದ ರೀ, ಸರ್. ಶಕ್ತಿ ಹೋಗೇತಿ, ಅದಕ್ಕ ಬಿಗಿದೈತಿ. ಹಿಡಿದಿದ್ದು ಬಿಡಬೇಕಂದ್ರನ ಎಟಿಪಿ ಬೇಕು. ಕ್ಯಾಲ್ಸಿಯಂ ಒಳಗ ಹಾಕಾಕೂ ಬೇಕು. ಎರಡೂ ಇಲ್ಲ. ಹಿಂಗಾಗಿ ಯಾರೂ ಬಿಡವಲ್ರು, ಈಕೀನೂ ಒಳಗ ಹೋಗವಲ್ಲಳು."

ಹುಚ್ಚವ್ವ ಸೊಂಟದ ಮೇಲೆ ಕೈ ಇಟ್ಟಳು. ಸರ್ ಹಾಳೆಯ ಮೇಲೆ ಏನನ್ನೂ ಬರೆಯಲಿಲ್ಲ. ಹಾಗಾದರೆ ಹೆಣ ಹೀಗೇ ಇರುತ್ತದೆಯೋ, ಯಾವಾಗಲಾದರೂ ಸಡಿಲಾಗುತ್ತದೆಯೋ ಎಂದು ಕೇಳಿದರು. ಆಗುತ್ತದೆ ಎಂದಳು ದಾನೇಶ್ವರಿ, ಆದರೆ ಯಾರೂ ಬಿಟ್ಟು ಸಡಿಲಾಗುವುದಿಲ್ಲ, ಒಂದೆರಡು ದಿನದಲ್ಲಿ ಎಳೆಗಳೇ ಕೊಳೆತು ಹರಿಯುತ್ತವೆ, ಆವಾಗ. ಸೀರೆ ಅವ್ವನದು, ಹರಿದರೂ ನಡೆಯುತ್ತದೆ. ಅಬೇದಾಗೆ ಮಾತ್ರ ಎರಡು ದಿನ ನಿಲ್ಲಲಿಕ್ಕೆ ಆಗಲಿಕ್ಕಿಲ್ಲ, ನಾಳೆ ಅವಳಿಗೆ ಟೆಸ್ಟ್ ಇದೆ.

"ಮತ್ತ ಈಗ ಏನ್ಮಾಡ್ತಿ?"

ಹುಚ್ಚವ್ವ ಒಬ್ಬೊಬ್ಬರ ಎದುರು ನಿಂತು, ಕೈ ಬಾಯಿಯ ಕಡೆ ಹೋಗುವುದನ್ನಷ್ಟೇ ನೋಡಿ ಮುಂದೆ ಹೋಗಿದ್ದಳು ಎನ್ನುವುದು ದಾನೇಶ್ವರಿಗೆ ನೆನಪಾಯಿತು. ಇನ್ನೊಂದು ಸಂಗತಿಯೂ ನೆನಪಾಯಿತು. ಹೊಳಬಸಪ್ಪ ಸರ್ ಅವರಿಗೆ ಸಕ್ಕರೆ ಕಾಯಿಲೆ. ಚಹಾಕ್ಕೂ ಸಕ್ಕರೆ ಹಾಕಿಸಿಕೊಳ್ಳದವರು ಬೆಲ್ಲದ ಉಂಡಿ ನುಂಗಿರಲಿಕ್ಕಿಲ್ಲ. ಬೇಡ ಎಂದಿರಲಿಕ್ಕೂ ಇಲ್ಲ, ಪಂಚಮಿ ಉಂಡಿಗೆ ಬೇಡ ಎಂದು ಹುಚ್ಚವ್ವನಿಂದ ಉಳಿದು ಬಂದವರಿಲ್ಲ. ಅವರ ಅಂಗಿಯ ಕಿಸೆಯಲ್ಲಿ ಕರ್ಚೀಫು ದುಂಡಗೆ ಉಬ್ಬಿತ್ತು.

"ಸರ್," ಎಂದಳು, ದನಿ ತಗ್ಗಿಸದೆ, "ನಿಮ್ಮ ಕಿಸೇದಾಗ ಎಟಿಪಿ ಐತ್ರಿ."

ಹುಚ್ಚವ್ವ ತಿರುಗಿ ಸರ್ ಅವರನ್ನು ನೋಡಿದಳು. ಪೂರ್ತಿ ಹಾಲಿಗೆ ಉಣ್ಣಿಸಿದವಳ ನೋಟ ಅದು. ಇಪ್ಪತ್ತು ವರ್ಷ ಫಿಸಿಯಾಲಜಿ ಕಲಿಸಿದ ಮನುಷ್ಯ ಹುಡುಗನ ಹಾಗೆ ಕಿಸೆಗೆ ಕೈ ಹಾಕಿ, ಕರ್ಚೀಫು ಬಿಚ್ಚಿ, ಇಡೀ ಒಂದು ಶೇಂಗಾ ಉಂಡಿ ಹೊರಗೆ ತೆಗೆದರು. ಡಾಕ್ಟರು ಬೇಡ ಎಂದಿದ್ದಾರೆ ಎಂದು ಅವರು ಹುಚ್ಚವ್ವನಿಗೆ ಹೇಳಿದ ಮಾತು ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಒಂದು ಉಂಡಿ, ಹನ್ನೆರಡು ಬಾಯಿ. ಸರ್ ತಾವೇ ಎದ್ದು ಬಂದು, ಅಂಕದ ಹಾಳೆಯ ಮೇಲೆ ಉಂಡಿ ಇಟ್ಟು, ಪೆನ್ನಿನ ಹಿಂಭಾಗದಿಂದ ಕುಟ್ಟಿ ಒಡೆದರು. ಹಾಳೆಗೆ ಬೆಲ್ಲ ಹತ್ತಿತು. ಲಲಿತಾ ಒಂದೊಂದೇ ಚೂರು ಎತ್ತಿ ಓಡಿದಳು.

ಪಂಪುಗಳಿಗೆ ಮೊದಲು ಹಾಕಿಸಿದಳು ದಾನೇಶ್ವರಿ. ಅವರು ಹುಚ್ಚವ್ವನ ಎರಡೂ ರಟ್ಟೆ ಹಿಡಿದು ಉಗ್ರಾಣದ ಕಡೆ ನೂಕಿದರು. ಕ್ಯಾಲ್ಸಿಯಂ ಹೋಗುತ್ತ ಹೋಗುತ್ತ ಸಕ್ಕರೆ ಕಾಯಿಲೆಗೆ ಮೆಂತ್ಯ ನೆನೆಹಾಕಿ ಕುಡಿಯಲು ಹೇಳುತ್ತಿತ್ತು. ಚಾದರ ಬಿತ್ತು, ವೇಲ್ ಮತ್ತೆ ಚಿಕ್ಕಿಗಳ ಕಡೆ ಸರಿಯಿತು. ಆಮೇಲೆ ಚೂರು ಬಿದ್ದ ಬಾಯಿಯ ಕೈಗಳು ಒಂದೊಂದಾಗಿ ಬಿಟ್ಟವು. ಒಂದು, ಎರಡು, ಐದು, ಒಂಬತ್ತು. ಕಡೆಯವಳು ಅಬೇದಾ. ಇಡೀ ಖಂಡದ ಭಾರ ಅವಳೊಬ್ಬಳ ಕೈಗೆ ಬಂದಿತ್ತು, ಎರಡೂ ಸೀರೆ ಅವಳೇ ಹಿಡಿದಿದ್ದಳು. ಅವಳು ಚೂರನ್ನು ಬಾಯಿಯಲ್ಲಿ ಎರಡು ಸಲ ಆಡಿಸಿ, ರುಚಿ ನೋಡಿ, ಇದು ನಮ್ಮ ಓಣಿಯದೇ ಉಂಡಿ ಎಂದು ಗುರುತು ಹಿಡಿದು, ಮೂರು ವರ್ಷದಲ್ಲಿ ಮೊದಲ ಸಲ ಮನಸಾರೆ ಕೈ ಬಿಟ್ಟಳು.

ಗಾಲಿಗೆ ದಾನೇಶ್ವರಿ ಹಾಕಿದ್ದ ಎಣ್ಣೆ ಒಳ್ಳೆಯ ಎಣ್ಣೆ. ಹುಡುಗಿಯರು ಕುರ್ಚಿಗಳನ್ನು ಕಾಲಿನಿಂದ ಒಂದಿಷ್ಟು ಒದ್ದದ್ದೂ ಸುಳ್ಳಲ್ಲ. ಜೋಳದ ಚೀಲ ಗೋಡೆಗೆ ಹೋಗಿ ತಾಗಿತು. ನಜೀರಸಾಬ ತೆರೆದ ಬಾಗಿಲಿನಿಂದ ಹೊರಬಿದ್ದು ಕಾರಿಡಾರಿನಲ್ಲಿ ಸಾಗಿದ. ಖಂಡ ಸಡಿಲಾಯಿತು ಎಂದು ಅವನೇ ಅಲ್ಲಿಂದ ಕೂಗಿ ಹೇಳಿದ್ದು ಹಾಲಿಗೆಲ್ಲ ಕೇಳಿಸಿತು.

ಸರ್ ಅಂಟಂಟಾದ ಹಾಳೆಯನ್ನು ಅಂಗಿಗೆ ತಾಗದ ಹಾಗೆ ಹಿಡಿದುಕೊಂಡು ಕುರ್ಚಿಗೆ ಮರಳಿದರು. ನಿಜವಾದ ಮಯೋಸಿನ್ ಬಿಗಿದು ನಿಂತಾಗ ಬೆವರುವುದಿಲ್ಲ, ಅದಕ್ಕೆ ಒಂದು ಅಂಕ ಹೋಯಿತು ಎಂದರು. ಕ್ಯಾಲ್ಸಿಯಂ ಬಂದವರಿಗೆಲ್ಲ ಎಟಿಪಿ ಹಂಚುತ್ತ ತಿರುಗುತ್ತದೆ ಎಂದು ಯಾವ ಪುಸ್ತಕದಲ್ಲಿದೆ ಎಂದೂ ಕೇಳಿದರು. ಪುಸ್ತಕದಲ್ಲಿ ಇಲ್ಲ, ಅದು ನಮ್ಮ ಕಡೆಯ ಕ್ಯಾಲ್ಸಿಯಂ ಎಂದಳು ದಾನೇಶ್ವರಿ. ಅದಕ್ಕೂ ಎರಡು ಹೋದವು. ಇನ್ನೂ ಏನೇನಕ್ಕೋ ಮೂರು ಹೋಗಿ, ಕಡೆಗೆ ಅವರು ಬರೆದ ಅಂಕ ಬೆಲ್ಲದ ಕಲೆಯ ಪಕ್ಕದಲ್ಲಿ ಕಂಡಿತು. ಹತ್ತೊಂಬತ್ತು.

ದಾನೇಶ್ವರಿ ಅದನ್ನು ತಲೆಕೆಳಗಾಗಿ ಓದಿ, ಖಾತ್ರಿಗೆಂದು ಕುರ್ಚಿಯ ಹಿಂದೆ ಹೋಗಿ ನೆಟ್ಟಗೂ ಓದಿದಳು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಆ ಹೊತ್ತಿನಲ್ಲಿ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಹೋದ ಸಲನೂ ನಾ ಇದನ್ನ ಹೇಳಿದ್ನಲ್ರಿ, ಸರ್," ಎಂದಳು. "ಶಕ್ತಿ ಹೋಗೇತಿ, ಅದಕ್ಕ ಬಿಗಿದೈತಿ ಅಂತ. ಆ ಮಾರ್ಕ್ಸೂ ಕೊಡ್ರಿ ಹಂಗಾರ."

"ಆವಾಗ ನಿನಗ ಗೊತ್ತಿರಲಿಲ್ಲ," ಎಂದರು ಸರ್, ಪೆನ್ನಿನ ಬೆಲ್ಲ ಒರೆಸುತ್ತ. "ಗೊತ್ತಿಲ್ದ ಹೇಳಿದ ಖರೇಕ್ಕ ಮಾರ್ಕ್ಸ್ ಇಲ್ಲ. ಹೋಗು, ನಜೀರಸಾಬನ್ನ ಹುಡುಕ್ಕೊಂಡು ಬಾ."

ದಾನೇಶ್ವರಿ ಓಡಿದಳು. ಜೋಳದ ಚೀಲ ಇಳಿಸಿ ಆ ಗಾಲಿಕುರ್ಚಿಯ ಮೇಲೆ ಅಬೇದಾಳನ್ನು ಕೂರಿಸಿಕೊಂಡು, ಹಿಂದಿನಿಂದ ದಬ್ಬಿಕೊಂಡು ಓಡಿದಳು, ಯಾಕೆಂದರೆ ಅಬೇದಾಳ ತೋಳುಗಳು ಜೋತುಬಿದ್ದಿದ್ದವು, ಕಾಲಿಗೂ ನಡೆಯುವ ಮನಸ್ಸಿರಲಿಲ್ಲ. ಚೀಲ ಗೋಡೆಯ ಬುಡದಲ್ಲಿ ನೆಲದ ಮೇಲೆ ಉಳಿಯಿತು. ಚಾದರದ ಹಿಂದಿನಿಂದ ಹುಚ್ಚವ್ವ, ಮಧ್ಯಾಹ್ನದ ರೊಟ್ಟಿಗೆ ಹೊತ್ತಾಯಿತು, ತನ್ನನ್ನು ಹೊರಗೆ ಬಿಡಲು ಯಾರಾದರೂ ಪೀಪಿ ಊದುತ್ತೀರೋ ಇಲ್ಲವೋ ಎಂದು ಕೇಳುತ್ತಿದ್ದಳು.